ಐದು ಸಾವಿರದೊಳಗಿನ ವಾಚು ಎಷ್ಟು ನಿಜ ಹೇಳುತ್ತದೆ?

ಹಾಸನ ಜಿಲ್ಲೆಯಲ್ಲಿ ಇನ್ನೂ ಬಾಳಿ ಬದುಕಬೇಕಿದ್ದವರು ಹೃದಯಾಘಾತದಿಂದ ತೀರಿಕೊಂಡ ಸುದ್ದಿಗಳು 2025ರ ಮೇ–ಜೂನ್ ತಿಂಗಳಲ್ಲಿ ಒಂದರ ಬೆನ್ನಿಗೊಂದು ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳ್ಳಂಬೆಳಗ್ಗೆಯೇ ಜನ ಸಾಲುಗಟ್ಟಿದರು. 2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ಹೋದಾಗಲೂ ಹೀಗೇ ಆಗಿತ್ತು. ಇಂಥ ದಿನಗಳಲ್ಲಿ ಮೊಬೈಲ್ ಅಂಗಡಿಯ ಕೌಂಟರಿನ ಮುಂದೆಯೂ ಒಂದು ಪ್ರಶ್ನೆ ಸುಳಿದಾಡುತ್ತದೆ: "ಹಾರ್ಟ್ ಅಟ್ಯಾಕ್ ಬರೋದನ್ನ ಮೊದಲೇ ಹೇಳೋ ವಾಚ್ ಯಾವುದಿದೆ ಅಣ್ಣಾ?" ಉತ್ತರ ಚಿಕ್ಕದು. ಅಂಥ ವಾಚ್ ಇಲ್ಲ. ಒಂದೂವರೆ ಸಾವಿರದ್ದೂ ಹೇಳುವುದಿಲ್ಲ, ಒಂದು ಲಕ್ಷದ್ದೂ ಹೇಳುವುದಿಲ್ಲ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು ಹೃದಯಾಘಾತ. ಮುಂಗೈ ಚರ್ಮದೊಳಕ್ಕೆ ಒಂದೆರಡು ಮಿಲಿಮೀಟರ್ ಇಣುಕುವ ಬೆಳಕಿಗೆ ಎದೆಯೊಳಗಿನ ಆ ನಾಳ ಎಲ್ಲಿ ಕಾಣಬೇಕು? ಇಸಿಜಿ ತೆಗೆಯುವ ಆ್ಯಪಲ್ ವಾಚ್ ಕೂಡ ತಾನು ಹೃದಯಾಘಾತದ ಲಕ್ಷಣಗಳನ್ನು ಹುಡುಕುವುದಿಲ್ಲ ಎಂದು ತನ್ನ ಪರದೆಯ ಮೇಲೇ ಬರೆದುಕೊಂಡಿದೆ. ಎದೆ ಬಿಗಿದುಕೊಂಡು, ತೋಳಿಗೋ ದವಡೆಗೋ ನೋವು ಹರಿದು, ತಣ್ಣನೆ ಬೆವರಿದರೆ ನೋಡಬೇಕಾದ್ದು ವಾಚನ್ನಲ್ಲ. 108ಕ್ಕೆ ಫೋನ್ ಮಾಡಬೇಕು.

ಹಾಗಾದರೆ ದುಡ್ಡು ಕೊಟ್ಟು ಕೊಳ್ಳುವುದಾದರೂ ಏತಕ್ಕೆ? ನನ್ನ ಮಟ್ಟಿಗೆ ಅಗ್ಗದ ಸ್ಮಾರ್ಟ್‌ವಾಚ್ ಒಬ್ಬ ಒಳ್ಳೆಯ ಗುಮಾಸ್ತ. ಇವತ್ತು ಎಷ್ಟು ನಡೆದಿರಿ, ಎಷ್ಟು ಹೊತ್ತು ಕೂತಲ್ಲೇ ಕೂತಿದ್ದಿರಿ, ರಾತ್ರಿ ಎಷ್ಟಕ್ಕೆ ಮಲಗಿದಿರಿ, ಸುಮ್ಮನಿದ್ದಾಗ ನಾಡಿ ಎಷ್ಟಿತ್ತು ಎಂಬುದನ್ನು ಬೇಸರವಿಲ್ಲದೆ ಬರೆದಿಡುತ್ತಾನೆ. ಈ ನಾಲ್ಕು ಲೆಕ್ಕಗಳ ಮಟ್ಟಿಗೆ ಮೂರರಿಂದ ಐದು ಸಾವಿರದ ಒಳ್ಳೆಯ ವಾಚಿಗೂ ಮೂವತ್ತು–ನಲವತ್ತು ಸಾವಿರದ್ದಕ್ಕೂ ನಡುವಿನ ಅಂತರ, ಬೆಲೆಯಲ್ಲಿ ಕಾಣುವಷ್ಟು ದೊಡ್ಡದಲ್ಲ. ಗುಮಾಸ್ತನನ್ನು ಡಾಕ್ಟರ್ ಎಂದು ಮಾರುವಲ್ಲಿ ಮೋಸ ಶುರುವಾಗುತ್ತದೆ. ಪೆಟ್ಟಿಗೆಯ ಮೇಲೆ ಹತ್ತು ಆರೋಗ್ಯದ ಚಿತ್ರಗಳಿದ್ದರೆ ಯಾವುದು ಅಳತೆ, ಯಾವುದು ಅಂದಾಜು, ಯಾವುದು ಬರೀ ಚಿತ್ರ ಎಂದು ಬಿಡಿಸಿಕೊಂಡರೆ ಆಯ್ಕೆಯ ಮುಕ್ಕಾಲು ಕೆಲಸ ಮುಗಿದಂತೆ.

ಹೀಗೆ ಬಿಡಿಸಿ ನೋಡದೆ ಕೊಂಡ ವಾಚುಗಳು ಎಷ್ಟೋ ಮನೆಗಳ ಮೇಜಿನ ಡ್ರಾಯರಿನಲ್ಲಿ ಬಿದ್ದಿವೆ. ಮಾರುಕಟ್ಟೆ ಅಧ್ಯಯನ ಸಂಸ್ಥೆ ಐಡಿಸಿಯ ಲೆಕ್ಕದಂತೆ 2023ರಲ್ಲಿ ಭಾರತದ ಮಾರುಕಟ್ಟೆಗೆ ಇಳಿದ ಸ್ಮಾರ್ಟ್‌ವಾಚ್‌ಗಳು 5 ಕೋಟಿಗೂ ಹೆಚ್ಚು. 2024ರಲ್ಲಿ ಅದು ಸುಮಾರು 3.5 ಕೋಟಿಗೆ ಕುಸಿಯಿತು. ಒಮ್ಮೆ ಕೊಂಡವರು ಎರಡನೆಯದಕ್ಕೆ ಮನಸ್ಸು ಮಾಡಲಿಲ್ಲ. ವಾಚಿನ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಬೇರೆಯದೇ ನೆನಪಿದೆ: 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಕಾರ್ಖಾನೆಯ ಗಡಿಯಾರಗಳನ್ನು ಅಪ್ಪನ ಕೈಯಿಂದ ಮಗ ಕಟ್ಟಿಕೊಂಡದ್ದುಂಟು. ಸ್ಮಾರ್ಟ್‌ವಾಚಿಗೆ ಆ ಆಯಸ್ಸು ಇಲ್ಲ. ಬ್ಯಾಟರಿ ಸೊರಗುವುದಕ್ಕೆ, ಆ್ಯಪ್ ಹಳತಾಗುವುದಕ್ಕೆ ಎರಡು–ಮೂರು ವರ್ಷ ಸಾಕು. ಅಗ್ಗದ್ದನ್ನು ನೋಡಿ ಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಈಗ ವಾಚನ್ನು ಮಗುಚಿ ನೋಡೋಣ. ಹಿಂಬದಿಯಲ್ಲಿ ಹಸಿರು ದೀಪಗಳು ಮಿನುಗುತ್ತವೆ. ಕತ್ತಲಲ್ಲಿ ಟಾರ್ಚಿಗೆ ಬೆರಳು ಅಡ್ಡ ಹಿಡಿದರೆ ಬೆರಳು ಕೆಂಪಗೆ ಹೊಳೆಯುವುದನ್ನು ಎಲ್ಲರೂ ಚಿಕ್ಕಂದಿನಲ್ಲಿ ನೋಡಿದ್ದೇವೆ. ಬಿಳಿ ಬೆಳಕಿನೊಳಗಿನ ಹಸಿರು, ನೀಲಿಯನ್ನು ರಕ್ತ ನುಂಗಿಕೊಂಡು ಕೆಂಪನ್ನು ದಾಟಿಸುವುದರಿಂದ ಹಾಗಾಗುತ್ತದೆ. ವಾಚು ನಂಬಿಕೊಂಡಿರುವುದು ಇದನ್ನೇ. ಹೃದಯ ಒಮ್ಮೆ ಬಡಿದಾಗ ಮುಂಗೈಯ ಸಣ್ಣ ನಾಳಗಳಲ್ಲಿ ರಕ್ತ ಒಂದಿಷ್ಟು ಹೆಚ್ಚುತ್ತದೆ, ಆಗ ಹೆಚ್ಚು ಹಸಿರು ಒಳಗೇ ಉಳಿಯುತ್ತದೆ, ಹಿಂದಕ್ಕೆ ಬರುವ ಬೆಳಕು ಕಡಿಮೆಯಾಗುತ್ತದೆ. ಎರಡು ಬಡಿತಗಳ ನಡುವೆ ಮತ್ತೆ ಏರುತ್ತದೆ. ದೀಪದ ಪಕ್ಕದ ಸೆನ್ಸರ್ ಈ ಏರಿಳಿತವನ್ನು ಎಣಿಸುತ್ತದೆ.

ವಿಧಾನ ಸರಳ, ತೊಡಕು ಸಾಫ್ಟ್‌ವೇರಿನಲ್ಲಿದೆ. ಹಿಂದಿರುಗಿ ಬರುವ ಬೆಳಕಿನಲ್ಲಿ ನಾಡಿಯ ಪಾಲು ತೀರಾ ಸಣ್ಣದು; ಉಳಿದದ್ದೆಲ್ಲ ಚರ್ಮ, ಕೈ ಅಲುಗಾಟ, ಸುತ್ತಲಿನ ಬೆಳಕು ಸೇರಿದ ಗದ್ದಲ. ಈ ಗದ್ದಲದೊಳಗಿಂದ ಲಯವೊಂದನ್ನು ಹೆಕ್ಕುವುದು ಸಾಫ್ಟ್‌ವೇರಿನ ಹೊಣೆ. ಲಯ ಸಿಗದಿದ್ದರೆ ಒಳ್ಳೆಯ ವಾಚು ಎರಡು ಗೆರೆ ತೋರಿಸಿ ಸುಮ್ಮನಾಗುತ್ತದೆ. ನಾಚಿಕೆಯಿಲ್ಲದ್ದು ಏನಾದರೊಂದು ಸಂಖ್ಯೆ ಬರೆದುಬಿಡುತ್ತದೆ. ಬಾಳೆಹಣ್ಣಿಗೋ ಸುತ್ತಿಟ್ಟ ಟವೆಲ್ಲಿಗೋ ವಾಚು ಕಟ್ಟಿ 72, 80 ಎಂಬ ನಾಡಿ ಬಂದದ್ದನ್ನು ತೋರಿಸುವ ವಿಡಿಯೊಗಳು ಹುಟ್ಟುವುದು ಇದರಿಂದ. ಕೆಲವೊಮ್ಮೆ ಹೆಸರುವಾಸಿ ವಾಚುಗಳೂ ಈ ಪರೀಕ್ಷೆಯಲ್ಲಿ ಎಡವುತ್ತವೆ, ಹಾಗಾಗಿ ಇದೊಂದರಿಂದಲೇ ವಾಚನ್ನು ತಿರಸ್ಕರಿಸಬೇಕಿಲ್ಲ. ಆದರೆ ಮೇಜಿನ ಮೇಲೆ ಗಾಳಿಗೆ ಮುಖ ಮಾಡಿ ಇಟ್ಟಾಗಲೂ ರಕ್ತದೊತ್ತಡ 120/80 ಎಂದು ಹೇಳುವ ವಾಚಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ನಾಡಿಯ ಲೆಕ್ಕ ಎಷ್ಟು ನಂಬಿಕೆಗೆ ಅರ್ಹ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ 60 ಜನರ ಕೈಗೆ ಏಳು ಬಗೆಯ ಸಾಧನಗಳನ್ನು ಕಟ್ಟಿ ನಡೆಸಿ, ಓಡಿಸಿ, ಸೈಕಲ್ ತುಳಿಸಿ ನೋಡಿತು. ಏಳರಲ್ಲಿ ಆರು ಸಾಧನಗಳು ಹೃದಯ ಬಡಿತವನ್ನು ಶೇ 5ರೊಳಗಿನ ತಪ್ಪಿನಲ್ಲಿ ಹೇಳಿದವು. ಅದೇ ಸಾಧನಗಳು ಕ್ಯಾಲರಿ ಲೆಕ್ಕದಲ್ಲಿ ಮಕಾಡೆ ಬಿದ್ದವು: ಅತ್ಯುತ್ತಮದ್ದು ಸರಾಸರಿ ಶೇ 27ರಷ್ಟು, ಕಡೆಯದ್ದು ಶೇ 93ರಷ್ಟು ತಪ್ಪಿತು. ಅಂದಿನಿಂದ ಸೆನ್ಸರ್‌ಗಳು ಸುಧಾರಿಸಿವೆ. ಕ್ಯಾಲರಿಯ ಕಷ್ಟ ಮಾತ್ರ ಸೆನ್ಸರಿನದ್ದಲ್ಲ. ನಿಮ್ಮ ಸ್ನಾಯು, ಕೊಬ್ಬು, ಅಭ್ಯಾಸ ಇವೆಲ್ಲ ವಾಚಿಗೆ ಗೊತ್ತಿಲ್ಲದ ಸಂಗತಿಗಳು. "400 ಕ್ಯಾಲರಿ ಕರಗಿಸಿದಿರಿ, ಶಹಬ್ಬಾಸ್" ಎಂದು ಅದು ಹೇಳಿದ ಮಾತು ನಂಬಿ ಮತ್ತೆರಡು ಹೋಳಿಗೆಗೆ ಕೈ ಹಾಕಿದರೆ ಲೆಕ್ಕ ತಪ್ಪುವುದು ಹೊಟ್ಟೆಯ ಸುತ್ತಳತೆಯಲ್ಲಿ.

ಸುಮ್ಮನೆ ಕೂತಾಗ, ಮಲಗಿದಾಗ, ಸಮನಾದ ವೇಗದಲ್ಲಿ ನಡೆಯುವಾಗ ಹಸಿರು ಬೆಳಕಿನ ಲೆಕ್ಕ ಚೆನ್ನಾಗಿರುತ್ತದೆ. ಡಂಬೆಲ್ ಹಿಡಿದು ಮುಷ್ಟಿ ಬಿಗಿದಾಗ, ಓಡಿ ನಿಂತು ಮತ್ತೆ ಓಡಿದಾಗ, ಶಟಲ್ ಆಡುವಾಗ ಅದು ಹಿಂದೆ ಬೀಳುತ್ತದೆ. ಪಟ್ಟಿ ಸಡಿಲವಾಗಿದ್ದರೆ, ಚಳಿಗೆ ಕೈ ಮರಗಟ್ಟಿದ್ದರೆ, ಸೆನ್ಸರ್ ಕೂರುವ ಜಾಗದಲ್ಲಿ ಹಚ್ಚೆ ಇದ್ದರೆ ಇನ್ನೂ ಕೆಡುತ್ತದೆ. ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲಕ್ಕೆ, ಅಲ್ಲಾಡದ ಹಾಗೆ, ಹಾಗೆಂದು ಗುರುತು ಬೀಳದ ಹಾಗೆ ಕಟ್ಟಿಕೊಳ್ಳುವುದರಿಂದ ಸಿಗುವ ಲಾಭ ಎರಡು ಸಾವಿರ ಹೆಚ್ಚು ಕೊಟ್ಟರೂ ಸಿಗುವುದಿಲ್ಲ. ಮ್ಯಾರಥಾನ್‌ಗೆ ತಯಾರಾಗುವವರಿಗೆ, ಬಡಿತ ನೋಡಿ ವೇಗ ಹೊಂದಿಸಿಕೊಳ್ಳುವವರಿಗೆ ಎದೆಗೆ ಕಟ್ಟುವ ಪಟ್ಟಿಯೇ ವಾಸಿ. ಅದು ಬೆಳಕನ್ನಲ್ಲ, ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಫಿನ್‌ಲ್ಯಾಂಡಿನ ಪೋಲಾರ್ ಕಂಪನಿ ಇಂಥದ್ದನ್ನು 1980ರ ದಶಕದ ಆರಂಭದಲ್ಲೇ ಮಾರುಕಟ್ಟೆಗೆ ತಂದಿತ್ತು, ಇವತ್ತಿಗೂ ಅದನ್ನು ಮೀರಿಸಿದ ಮುಂಗೈ ವಾಚಿಲ್ಲ.

ಒಂದೊಂದು ಕ್ಷಣದ ನಾಡಿಗಿಂತ ಬೆಲೆಬಾಳುವುದು ವಾರಗಟ್ಟಲೆ ಕೂಡಿಬಂದ ವಿಶ್ರಾಂತಿಯ ನಾಡಿ. ದೊಡ್ಡವರಲ್ಲಿ ಅದು ನಿಮಿಷಕ್ಕೆ 60ರಿಂದ 100ರೊಳಗಿದ್ದರೆ ಸಹಜ. ನಿತ್ಯ ಓಡುವವರಲ್ಲಿ 50ಕ್ಕೂ ಇಳಿದಿರಬಹುದು. ನಿಮ್ಮದು ಸದಾ 68–70ರ ಆಸುಪಾಸು ಇದ್ದು ಎರಡು ದಿನದಿಂದ 80 ತೋರಿಸುತ್ತಿದ್ದರೆ ನಿದ್ದೆಗೆಟ್ಟಿರಬಹುದು, ಜ್ವರ ಒಳಗೇ ಕುದಿಯುತ್ತಿರಬಹುದು. ಮೈ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ಸುಮಾರು ಎಂಟು–ಹತ್ತು ಬಡಿತ ಏರುತ್ತದೆ. ಮೂರು ತಿಂಗಳು ಬಿಡದೆ ನಡೆದವರ ವಿಶ್ರಾಂತಿ ನಾಡಿ ನಾಲ್ಕಾರು ಬಡಿತ ಇಳಿದರೆ ಅದಕ್ಕಿಂತ ನಿಜವಾದ ಬಹುಮಾನ ಯಾವ ಆ್ಯಪಿನಲ್ಲೂ ಇಲ್ಲ. ಒಂದು ಎಚ್ಚರ: ರಕ್ತದೊತ್ತಡಕ್ಕೆ ಅಟೆನೊಲೊಲ್, ಮೆಟೊಪ್ರೊಲೊಲ್ ಥರದ ಮಾತ್ರೆ ನುಂಗುವವರ ನಾಡಿಯನ್ನು ಮಾತ್ರೆಯೇ ತಗ್ಗಿಸಿರುತ್ತದೆ. 220ರಲ್ಲಿ ವಯಸ್ಸು ಕಳೆದು 'ಇಷ್ಟು ಬಡಿತಕ್ಕೆ ಏರಿಸಿ' ಎನ್ನುವ ವಾಚಿನ ಮಾತನ್ನು ಅವರು ಕಿವಿಗೆ ಹಾಕಿಕೊಳ್ಳಬಾರದು. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು. ಈ ಪರೀಕ್ಷೆಗೆ ವಾಚೇ ಬೇಡ.

ಹೆಜ್ಜೆಗಳ ವಿಷಯ ಇಷ್ಟು ಗಂಭೀರವಲ್ಲ, ತಮಾಷೆಯೇ ಹೆಚ್ಚು. ವಾಚಿನೊಳಗಿನ ಪುಟ್ಟ ಚಿಪ್ಪಿಗೆ ಗೊತ್ತಿರುವುದು ಕೈಯ ಅಲುಗಾಟ ಮಾತ್ರ. ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸಿದರೆ ಅದಕ್ಕೆ ನಡೆದ ಹಾಗೆ. ಬಟ್ಟೆ ಒಗೆದರೆ, ಚಪಾತಿ ಲಟ್ಟಿಸಿದರೆ ಒಂದಷ್ಟು ಹೆಜ್ಜೆ ಜಮಾ. ಅದೇ ಮಳೆಯಲ್ಲಿ ಕೊಡೆ ಹಿಡಿದು, ಮಾಲ್‌ನಲ್ಲಿ ಟ್ರಾಲಿ ತಳ್ಳುತ್ತ, ಮಗುವನ್ನು ಎತ್ತಿಕೊಂಡು ನಡೆದರೆ ಹೆಜ್ಜೆಗಳು ಮಾಯ. ದಿನದ ಕೊನೆಗೆ ಈ ತಪ್ಪುಗಳು ಅಷ್ಟಿಷ್ಟು ಸರಿದೂಗುತ್ತವೆ. ನಿಮ್ಮದೇ ನಿನ್ನೆಗೂ ಇವತ್ತಿಗೂ ಹೋಲಿಸಿಕೊಳ್ಳಲು ತೊಂದರೆಯಿಲ್ಲ. ಪಕ್ಕದ ಮನೆಯವರ ವಾಚಿಗೂ ನಿಮ್ಮದಕ್ಕೂ ಪೈಪೋಟಿ ಹಚ್ಚುವುದು ಮಾತ್ರ ವ್ಯರ್ಥ.

ಎಷ್ಟೋ ವಾಚುಗಳು ಹೊರಬರುವಾಗಲೇ ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಗುರಿ ಹೊತ್ತು ಬರುತ್ತವೆ. ಆ ಸಂಖ್ಯೆಯ ಬೇರು ಆಸ್ಪತ್ರೆಯಲ್ಲಿಲ್ಲ, ಜಾಹೀರಾತಿನಲ್ಲಿದೆ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಹುರುಪಿನಲ್ಲಿ, 1965ರಲ್ಲಿ ಜಪಾನಿನ ಯಮಾಸಾ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಮೀಟರ್ ಮಾರಲು ಹಿಡಿದ ಘೋಷಣೆ ಅದು. ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಸಂಗಡಿಗರು 16,741 ಹಿರಿಯ ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ 4,400 ಹೆಜ್ಜೆ ಇಡುವವರಲ್ಲಿ ಸಾವಿನ ಪ್ರಮಾಣ ಶೇ 41ರಷ್ಟು ಕಡಿಮೆ ಇತ್ತು. 7,500ರ ಹೊತ್ತಿಗೆ ಲಾಭ ಹೆಚ್ಚುವುದು ನಿಂತಿತು. ಅವರ ಸರಾಸರಿ ವಯಸ್ಸು 72. ಮಂಡಿನೋವಿನ ಅಮ್ಮನಿಗೆ ವಾಚು ಕೊಡಿಸಿದರೆ ಮೊದಲು ಮಾಡಬೇಕಾದ ಕೆಲಸ ಆ ಹತ್ತು ಸಾವಿರವನ್ನು ಸೆಟಿಂಗಿನಲ್ಲಿ ನಾಲ್ಕು–ಐದು ಸಾವಿರಕ್ಕೆ ಇಳಿಸುವುದು.

ನಿದ್ದೆಯ ಬಗ್ಗೆ ಎರಡೇ ಮಾತು. ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ ಎಂಬುದನ್ನು ವಾಚು ತಕ್ಕಮಟ್ಟಿಗೆ ಹಿಡಿಯುತ್ತದೆ, ಅಲ್ಲಾಡದೆ ಎಚ್ಚರವಾಗಿ ಬಿದ್ದುಕೊಂಡಿದ್ದರೂ ಅದನ್ನು ನಿದ್ದೆ ಎಂದೇ ಬರೆಯುತ್ತದೆ. ಗಾಢ ನಿದ್ದೆ ಇಷ್ಟು, ಕನಸಿನ ನಿದ್ದೆ ಇಷ್ಟು ಎಂಬ ಬಣ್ಣದ ಪಟ್ಟಿ ಬಹುಪಾಲು ಅಂದಾಜು. ಅದನ್ನು ನಿಜವಾಗಿ ಅಳೆಯಲು ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ನೋಡಬೇಕು. ಆ ಪಟ್ಟಿಯನ್ನು ಸರಿಪಡಿಸಿಕೊಳ್ಳುವ ಚಿಂತೆಯಲ್ಲೇ ನಿದ್ದೆಗೆಟ್ಟವರ ಬಗ್ಗೆ 2017ರಲ್ಲಿ ಅಮೆರಿಕದ ವೈದ್ಯರು ಪ್ರಬಂಧವನ್ನೇ ಬರೆದರು.

ಇನ್ನು ಆಮ್ಲಜನಕ. 2021ರ ಏಪ್ರಿಲ್–ಮೇ ತಿಂಗಳಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ, ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಔಷಧಿ ಅಂಗಡಿಗಳಲ್ಲಿ ಸಿಗದೇ ಹೋದಾಗ ಅಗ್ಗದ ವಾಚುಗಳು ಆ ಜಾಗಕ್ಕೆ ನುಗ್ಗಿದವು. 1974ರಲ್ಲಿ ಜಪಾನಿನ ತಕುಒ ಅಯೋಯಾಗಿ ರೂಪಿಸಿದ ಆ ವಿಧಾನಕ್ಕೆ ಎರಡು ಬೆಳಕು ಬೇಕು: ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಅತಿಗೆಂಪು. ಆಮ್ಲಜನಕ ಹೊತ್ತ ರಕ್ತ, ಹೊರದ ರಕ್ತ ಈ ಎರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ಆದ್ದರಿಂದ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಆಮ್ಲಜನಕ ಅಳೆಯುವ ಗುಂಡಿ ಒತ್ತಿ ವಾಚನ್ನು ಮಗುಚಿ. ಕೆಂಪು ದೀಪ ಹೊತ್ತಿಕೊಳ್ಳದೆ ಹಸಿರಷ್ಟೇ ಮಿನುಗಿದರೆ, ಅದು ಹೇಳುವ 98 ನಿಮಗೆ ಸಮಾಧಾನ ಮಾಡಲು ಇಟ್ಟ ಸಂಖ್ಯೆ. ಕೆಂಪು ದೀಪ ಇದ್ದರೂ ಬೆರಳಿನಷ್ಟು ಮುಂಗೈ ಅನುಕೂಲವಲ್ಲ. ಬೆರಳಿನಲ್ಲಿ ಬೆಳಕು ಆಚೆಗೆ ದಾಟಿ ಹೋಗುತ್ತದೆ, ಮುಂಗೈಯಲ್ಲಿ ಬಡಿದು ಹಿಂದಿರುಗಬೇಕು. ಇದಕ್ಕೆ ಚರ್ಮದ ಬಣ್ಣವೂ ಸೇರಿಕೊಳ್ಳುತ್ತದೆ. ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸ್ಪತ್ರೆಯ ಆಕ್ಸಿಮೀಟರ್‌ಗಳೇ ಕಪ್ಪು ಚರ್ಮದ ರೋಗಿಗಳ ಆಮ್ಲಜನಕದ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ತಪ್ಪಿಸಿಕೊಂಡಿದ್ದವು. ಆಸ್ಪತ್ರೆಯ ಯಂತ್ರದ ಕಥೆಯೇ ಹೀಗಾದರೆ, ಗೋಧಿ ಬಣ್ಣದಿಂದ ಕಡುಕಪ್ಪಿನವರೆಗಿನ ನಮ್ಮ ಮೈಬಣ್ಣದ ಮೇಲೆ ಎರಡು ಸಾವಿರದ ವಾಚು ಎಷ್ಟು ಪರೀಕ್ಷೆಗೊಳಗಾಗಿರುತ್ತದೆ? ಉಬ್ಬಸ, ಶ್ವಾಸಕೋಶದ ತೊಂದರೆ ಇರುವವರ ಮನೆಯಲ್ಲಿ ಬೆರಳಿನ ಆಕ್ಸಿಮೀಟರ್ ಒಂದು ಇರಲಿ.

ರಕ್ತದೊತ್ತಡದ ಮಾತಿಗೆ ಬಂದರೆ ಬೆಳಕಿನ ಸೆನ್ಸರ್ ಒತ್ತಡವನ್ನು ಅಳೆಯುವುದೇ ಇಲ್ಲ. ನಾಡಿಯ ಅಲೆಯ ಆಕಾರ ನೋಡಿ ಊಹಿಸುತ್ತದೆ. ಸ್ಯಾಮ್‌ಸಂಗ್‌ನ ದುಬಾರಿ ವಾಚುಗಳಲ್ಲಿ ಕೂಡ ತೋಳಿಗೆ ಪಟ್ಟಿ ಸುತ್ತುವ ನಿಜವಾದ ಯಂತ್ರದ ಜತೆ ನಾಲ್ಕು ವಾರಕ್ಕೊಮ್ಮೆ ತಾಳೆ ಹಾಕಬೇಕು. ಹುವಾವೆಯ ವಾಚ್ ಡಿ ಒಳಗೆ ಊದುವ ಪಟ್ಟಿಯನ್ನೇ ಅಡಗಿಸಿಟ್ಟಿದ್ದಾರೆ, ಅದು ಬೇರೆ ಜಾತಿ, ಬೇರೆ ಬೆಲೆ. ಪಟ್ಟಿಯಿಲ್ಲದ ಸಾಧನಗಳನ್ನು ನಂಬಿ ಬಿಪಿ ರೋಗನಿರ್ಣಯವನ್ನಾಗಲಿ ಚಿಕಿತ್ಸೆಯನ್ನಾಗಲಿ ಮಾಡಬೇಡಿ ಎಂದು ಯುರೋಪಿನ ಅಧಿಕ ರಕ್ತದೊತ್ತಡ ತಜ್ಞರ ಸಂಘ 2022ರಲ್ಲೇ ಹೇಳಿತು. ತೋಳಿಗೆ ಸುತ್ತುವ ಮನೆಬಳಕೆಯ ಬಿಪಿ ಯಂತ್ರ ಎರಡು ಸಾವಿರದ ಆಸುಪಾಸಿಗೆ ಸಿಗುವಾಗ ಈ ಊಹೆಗೆ ಯಾಕೆ ದುಡ್ಡು ಕೊಡಬೇಕು?

ಶುಗರ್ ತೋರಿಸುವ ವಾಚುಗಳದ್ದು ಮೋಸಗಳಲ್ಲೆಲ್ಲ ಕೆಟ್ಟ ಮೋಸ. ಸೂಜಿ ಚುಚ್ಚದೆ ರಕ್ತದ ಸಕ್ಕರೆ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲ, ಅಂಥವನ್ನು ಬಳಸಬೇಡಿ ಎಂದು ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಸಾರ್ವಜನಿಕವಾಗಿ ಎಚ್ಚರಿಸಿತು. ಆ್ಯಪಲ್, ಗೂಗಲ್‌ನಂಥ ಕಂಪನಿಗಳು ವರ್ಷಗಟ್ಟಲೆ ದುಡ್ಡು ಸುರಿದರೂ ಕೈಗೆಟುಕದ್ದು ಆನ್‌ಲೈನ್‌ನಲ್ಲಿ 1,499 ರೂಪಾಯಿಗೆ ಸಿಗುತ್ತದೆ ಎಂದರೆ ನಂಬುವುದು ಹೇಗೆ? ವಾಚು ಹೇಳಿದ ಸಂಖ್ಯೆ ನೋಡಿ ಇನ್ಸುಲಿನ್ ಏರಿಸಿಕೊಂಡವರಿಗೆ ಸಕ್ಕರೆ ಕುಸಿದು ಪ್ರಜ್ಞೆಯೇ ತಪ್ಪಬಹುದು. ತೋಳಿಗೆ ಅಂಟಿಸುವ ಶುಗರ್ ಪ್ಯಾಚ್‌ಗಳು ನಿಜ, ಅವುಗಳ ಸಣ್ಣ ತಂತು ಚರ್ಮದ ಕೆಳಗೆ ಇರುತ್ತದೆ. ಆ ಪ್ಯಾಚಿನ ಅಂಕಿಯನ್ನು ವಾಚಿನ ಪರದೆಯಲ್ಲಿ ನೋಡುವುದರಲ್ಲಿ ತಪ್ಪಿಲ್ಲ.

ಇಸಿಜಿಯಲ್ಲೂ ಕಣ್ಣಿಗೆ ಕಾಣುವ ಗುರುತು ಇದೆ. ಹೃದಯದ ವಿದ್ಯುತ್ತನ್ನು ಓದಲು ಎರಡು ತುದಿ ಬೇಕು: ಒಂದು ವಾಚಿನ ಬೆನ್ನಿನ ಲೋಹ, ಇನ್ನೊಂದು ಮತ್ತೊಂದು ಕೈಯ ಬೆರಳು ಮುಟ್ಟುವ ಗುಂಡಿ ಅಥವಾ ಅಂಚು. ಬೆರಳು ಇಡುವುದೇ ಬೇಡ ಎನ್ನುವ ಅಗ್ಗದ ವಾಚಿನಲ್ಲಿ ಓಡುವ ಅಂಕುಡೊಂಕು ಗೆರೆ ಧಾರಾವಾಹಿಯ ಐಸಿಯು ದೃಶ್ಯಕ್ಕೆ ಸರಿಹೋದೀತು. ನಾಡಿಯ ಲಯ ತಪ್ಪುವುದನ್ನು ಪತ್ತೆ ಹಚ್ಚುವುದು ಮಾತ್ರ ಬೆಳಕಿನಿಂದಲೂ ಸಾಧ್ಯವಿದೆ. 4 ಲಕ್ಷಕ್ಕೂ ಹೆಚ್ಚು ಜನ ಪಾಲ್ಗೊಂಡು 2019ರಲ್ಲಿ ಪ್ರಕಟವಾದ ಆ್ಯಪಲ್ ಹೃದಯ ಅಧ್ಯಯನದಲ್ಲಿ ಎಚ್ಚರಿಕೆ ಬಂದವರು ಶೇ 0.52 ಮಾತ್ರ, ಅವರಲ್ಲಿ ಎದೆಗೆ ಇಸಿಜಿ ಪ್ಯಾಚ್ ಹಾಕಿಸಿಕೊಂಡವರ ಪೈಕಿ ಶೇ 34 ಜನರಿಗೆ ಲಯದ ತೊಂದರೆ ಖಚಿತವಾಯಿತು. ಆ ಮಟ್ಟದ ಪರೀಕ್ಷೆಗೆ ಒಳಗಾದ ವಾಚು ಐದು ಸಾವಿರಕ್ಕೆ ಸಿಗುವುದಿಲ್ಲ ಎಂದು ಒಪ್ಪಿಕೊಂಡು ಮುಂದೆ ಹೋಗೋಣ.

ಸರಿ, ದುಡ್ಡು ಹಾಕಬೇಕಾದ್ದು ಎಲ್ಲಿ? ಹೊರಗೆ ನಡೆಯುವ, ಓಡುವ, ಸೈಕಲ್ ತುಳಿಯುವ ಅಭ್ಯಾಸ ಇದ್ದರೆ ವಾಚಿನೊಳಗೇ ಜಿಪಿಎಸ್ ಇರುವುದನ್ನು ಕೊಳ್ಳಿ. 'ಕನೆಕ್ಟೆಡ್ ಜಿಪಿಎಸ್' ಎಂದು ಬರೆದಿದ್ದರೆ ಅದು ನಿಮ್ಮ ಫೋನಿನ ಜಿಪಿಎಸ್ಸನ್ನು ಎರವಲು ಪಡೆಯುತ್ತದೆ, ಫೋನು ಜೇಬಿನಲ್ಲೇ ಇರಬೇಕು. ಯಾವುದೂ ಇಲ್ಲದ್ದು ಹೆಜ್ಜೆಯನ್ನು ಗುಣಿಸಿ ದೂರ ಹೇಳುತ್ತದೆ. ಪಾರ್ಕಿನಲ್ಲಿ ದಿನಾ ಅದೇ ನಾಲ್ಕು ಸುತ್ತು ಹಾಕುವವರಿಗೆ ಜಿಪಿಎಸ್ ಬೇಕಿಲ್ಲ. ನೀರಿನ ವಿಷಯದಲ್ಲಿ ಐಪಿ68 ಎಂದರೆ ಬೆವರು, ಮಳೆಗೆ ಸಾಕು; ಈಜುವವರಿಗೆ 5 ಎಟಿಎಂ ಬೇಕು. ಎರಡರಲ್ಲಿ ಯಾವುದೇ ಇದ್ದರೂ ಬಿಸಿನೀರ ಸ್ನಾನಕ್ಕೆ, ಸೋಪಿಗೆ ಒಡ್ಡುವುದು ಒಳ್ಳೆಯದಲ್ಲ. ಪರದೆ ಅಮೊಲೆಡ್ ಆಗಿದ್ದರೆ ಬಿಸಿಲಲ್ಲೂ ಅಕ್ಷರ ಎದ್ದು ಕಾಣುತ್ತದೆ. ಬ್ಲೂಟೂತ್ ಕರೆಯ ಸೌಲಭ್ಯ ನಮ್ಮವರಿಗೆ ಬಲು ಪ್ರಿಯ, ಅದಕ್ಕೆ ಬೆಲೆ ತೆರುವುದು ಬ್ಯಾಟರಿ.

ಕನ್ನಡ ಓದುವವರು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ, ಅಂಗಡಿಯವರು ತಾವಾಗಿ ಹೇಳುವುದಿಲ್ಲ. ಅಗ್ಗದ ವಾಚುಗಳ ಪುಟ್ಟ ಮೆಮೊರಿಯಲ್ಲಿ ಎಷ್ಟೋ ಸಲ ಕನ್ನಡದ ಅಕ್ಷರಗಳೇ ಇರುವುದಿಲ್ಲ. ಮನೆಯಿಂದ ಬಂದ ವಾಟ್ಸ್‌ಆ್ಯಪ್ ಸಂದೇಶ ಚೌಕಗಳ ಸಾಲಾಗಿ ಕಾಣುತ್ತದೆ, ಇಲ್ಲವೇ ಒತ್ತಕ್ಷರಗಳೆಲ್ಲ ಕಿತ್ತುಕೊಂಡು ಪಕ್ಕಕ್ಕೆ ಕೂರುತ್ತವೆ. ಅಂಗಡಿಯಲ್ಲಿ ಡೆಮೊ ವಾಚಿಗೆ ಫೋನ್ ಜೋಡಿಸಿ, ಯಾರಿಗಾದರೂ 'ಅಕ್ಕ, ಸ್ವಲ್ಪ ಸಕ್ಕರೆ, ತುಪ್ಪ ತಾ' ಎಂದು ಕಳಿಸಲು ಹೇಳಿ. ಪರದೆ ನೋಡಿದರೆ ಸಾಕು, ತಿಳಿಯುತ್ತದೆ.

ಬೆಲೆಗಳು ಹಬ್ಬಕ್ಕೊಂದು ರೀತಿ ಕುಣಿಯುವುದರಿಂದ ಬಿಡುಗಡೆಯಾದಾಗಿನ ಬೆಲೆಯನ್ನೇ ಹೇಳುತ್ತೇನೆ, ಅಂದಾಜಿಗೆ. ನಾಯ್ಸ್, ಬೋಟ್, ಫೈರ್-ಬೋಲ್ಟ್‌ಗಳ ಒಂದೂವರೆ–ಎರಡು ಸಾವಿರದ ವಾಚುಗಳು ಹೆಜ್ಜೆಗೆ, ಕರೆಗೆ, ಸಮಯ ನೋಡಲು ನಡೆಯುತ್ತವೆ. ಅವುಗಳಿಂದ ಇನ್ನೇನನ್ನೂ ಬಯಸಬೇಡಿ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಫಿಟ್3 2024ರಲ್ಲಿ 4,999 ರೂಪಾಯಿಗೆ ಬಂತು. ಹಗುರ, 5 ಎಟಿಎಂ, ಆ್ಯಪ್ ಚೊಕ್ಕ. ಆದರೆ ಒಳಗೆ ಜಿಪಿಎಸ್ ಇಲ್ಲ, ಐಫೋನಿಗೆ ಕೂಡುವುದಿಲ್ಲ. ಅದೇ ವರ್ಷದ ರೆಡ್ಮಿ ವಾಚ್ 5 ಲೈಟ್ 3,499ಕ್ಕೂ, ಸಿಎಂಎಫ್ ವಾಚ್ ಪ್ರೊ 2 4,999ಕ್ಕೂ ಒಳಗೇ ಜಿಪಿಎಸ್ ಇಟ್ಟುಕೊಂಡು ಬಂದವು. ಬಜೆಟ್ ಇನ್ನೂ ಸ್ವಲ್ಪ ಹಿಗ್ಗಿದರೆ 2025ರಲ್ಲಿ 7,999ಕ್ಕೆ ಬಂದ ಅಮೇಜ್‌ಫಿಟ್ ಬಿಪ್ 6 ಓಡುವವರಿಗೆ ಹೊಂದುತ್ತದೆ. ಅಮ್ಮ, ಅಪ್ಪನಿಗೆ ಕೊಡಿಸುವುದಾದರೆ ನಾನು ದೊಡ್ಡ ವಾಚಿಗಿಂತ ಫಿಟ್3 ಥರದ ಬ್ಯಾಂಡನ್ನೇ ಆರಿಸುತ್ತೇನೆ. ರಾತ್ರಿ ಬಿಚ್ಚಿಡದೆ ಮಲಗಬಹುದು, ವಾರಕ್ಕೊಮ್ಮೆ ಚಾರ್ಜ್ ಮಾಡಿದರಾಯಿತು. ಬಿಚ್ಚಿಟ್ಟ ವಾಚು ಎಷ್ಟು ನಿಖರವಾಗಿದ್ದು ಏನು ಪ್ರಯೋಜನ?

ವಾಚಿನ ಅರ್ಧ ಜೀವ ಆ್ಯಪಿನಲ್ಲಿದೆ. ಕೊಳ್ಳುವ ಮೊದಲು ಪ್ಲೇ ಸ್ಟೋರ್‌ನಲ್ಲಿ ಅದರ ಆ್ಯಪ್ ಹುಡುಕಿ, ಕೊನೆಯ ಬಾರಿ ಸುಧಾರಿಸಿದ್ದು ಯಾವಾಗ ಎಂದು ನೋಡಿ. ವರ್ಷದಿಂದ ಕೈ ಹಚ್ಚಿರದಿದ್ದರೆ ಆ ವಾಚು ಅನಾಥ. ಲೆಕ್ಕಗಳನ್ನು ಗೂಗಲ್‌ನ ಹೆಲ್ತ್ ಕನೆಕ್ಟ್‌ಗೋ ಆ್ಯಪಲ್ ಹೆಲ್ತ್‌ಗೋ ಸಾಗಿಸಲು ಬಿಡುವ ಆ್ಯಪ್ ಒಳ್ಳೆಯದು. ನಾಳೆ ಬೇರೆ ಕಂಪನಿಯ ವಾಚು ಕೊಂಡರೂ ಹಳೆಯ ದಾಖಲೆ ಕೈಬಿಡುವುದಿಲ್ಲ. ಆ್ಯಪ್ ಕೇಳಿದ ಅನುಮತಿಗಳಿಗೆಲ್ಲ ಹೂಂಗುಟ್ಟಬೇಡಿ. ನಾಡಿ ಎಣಿಸುವುದಕ್ಕೆ ನಿಮ್ಮ ಗ್ಯಾಲರಿಯ ಫೋಟೊ ಬೇಕಿಲ್ಲ. 2023ರ ನಮ್ಮ ದತ್ತಾಂಶ ಸಂರಕ್ಷಣಾ ಕಾಯ್ದೆ ಆರೋಗ್ಯದ ಮಾಹಿತಿಗೆ ಪ್ರತ್ಯೇಕ ಗಟ್ಟಿ ಬೇಲಿ ಹಾಕಿಲ್ಲ. ಓಡಿದ ದಾರಿಯನ್ನು ಊರಿಗೆಲ್ಲ ತೋರಿಸುವ ಆಯ್ಕೆಯಿದ್ದರೆ ಅದನ್ನು ಆಫ್ ಮಾಡಿಬಿಡಿ: 2018ರ ಜನವರಿಯಲ್ಲಿ ಸ್ಟ್ರಾವಾ ಆ್ಯಪಿನ ನಕ್ಷೆಯಲ್ಲಿ ಸೈನಿಕರ ಓಟದ ಜಾಡು ಬೆಳಗಿ, ಗುಟ್ಟಾಗಿರಬೇಕಿದ್ದ ಸೇನಾ ನೆಲೆಗಳ ರೂಪರೇಖೆ ಜಗತ್ತಿಗೇ ಕಂಡಿತ್ತು. ಒಂಟಿಯಾಗಿ ಬೆಳಗಿನ ವಾಕಿಂಗ್ ಹೋಗುವ ಹೆಣ್ಣುಮಕ್ಕಳಿಗೆ ಇದು ಸೇನೆಯ ಮಾತಲ್ಲ, ಮನೆ ವಿಳಾಸದ ಮಾತು.

ವಾಚು ಮನೆಗೆ ಬಂದ ಮೇಲೆ ಪೆಟ್ಟಿಗೆ, ಬಿಲ್ಲು ಎಸೆಯಬೇಡಿ. ವಾಪಸು ಕೊಡುವ ಗಡುವಿನೊಳಗೆ ಅದಕ್ಕೆ ಒಂದಷ್ಟು ಕೆಲಸ ಹಚ್ಚಿ. ಬಾಯಲ್ಲಿ ಎಣಿಸುತ್ತ 500 ಹೆಜ್ಜೆ ನಡೆದು ನೋಡಿ, 475ರಿಂದ 525ರೊಳಗೆ ಹೇಳಿದರೆ ಪಾಸು. ಹತ್ತು ನಿಮಿಷ ಸುಮ್ಮನೆ ಕೂತು, ಹೆಬ್ಬೆರಳ ಬುಡದ ಕೆಳಗೆ ಮುಂಗೈಯಲ್ಲಿ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ವಾಚಿಗೂ ನಿಮಗೂ ನಾಲ್ಕೈದು ಬಡಿತಕ್ಕಿಂತ ಹೆಚ್ಚು ಅಂತರ ಇರಕೂಡದು. ಸ್ಕೂಟರಿನಲ್ಲಿ ಮಾರುಕಟ್ಟೆಗೆ ಹೋಗಿಬಂದು ಎಷ್ಟು ಸುಳ್ಳು ಹೆಜ್ಜೆ ಸೇರಿತು ನೋಡಿ. ಜಿಪಿಎಸ್ ಇದ್ದರೆ ಹತ್ತಿರದ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕಿನ ಒಳಸಾಲಿನಲ್ಲಿ ಐದು ಸುತ್ತು ಹಾಕಿ. ಎರಡು ಕಿಲೋಮೀಟರ್ ಬರಬೇಕಾದಲ್ಲಿ 2.4 ಬಂದರೆ, ಪೆಟ್ಟಿಗೆಗೆ ಟೇಪು ಹಚ್ಚಿ ಹಿಂದಕ್ಕೆ ಕಳಿಸಿ.